ಹ್ಯಾಮಿಲ್ಟನ್ ದರ್ಜೆಯ ಹಳೆ ಹಡಗು: ಡೀಸೆಲ್ ನೋಡಿ ತಗೊಳ್ಳಿ, ಟರ್ಬೈನ್ ನೋಡಿ ಅಲ್ಲ

ಸರಕಾರಿ ಜೀಪು ಲಿಲಾವಿಗೆ ಬಂದಾಗ ಕಲಬುರಗಿಯ ಮಿಸ್ತ್ರಿಗಳು ಬಣ್ಣ ನೋಡುವುದಿಲ್ಲ. ಬಾನೆಟ್ ಎತ್ತಿಸಿ, ಡಿಪ್ ಸ್ಟಿಕ್ ಎಳೆದು, ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡುತ್ತಾರೆ. ಆಮೇಲೆ ಚಾಸಿಯ ಕೆಳಗೆ ಮಲಗುತ್ತಾರೆ. ಬಿಡಿ ಸಾಮಾನು ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೋ, ಹೈದರಾಬಾದಿನಿಂದ ತರಿಸಬೇಕೋ ಎಂಬುದು ಮೂರನೇ ಪ್ರಶ್ನೆ. ದರದ ಮಾತು ಕೊನೆಗೆ. ಅಮೆರಿಕದ ಕೋಸ್ಟ್ ಗಾರ್ಡ್ ನಾಲ್ಕು ದಶಕಕ್ಕೂ ಮಿಕ್ಕಿ ದುಡಿಸಿ ಬೇರೆ ದೇಶಗಳಿಗೆ ದಾಟಿಸಿದ ಹ್ಯಾಮಿಲ್ಟನ್ ದರ್ಜೆಯ ಹಡಗುಗಳನ್ನೂ ಇದೇ ಕ್ರಮದಲ್ಲಿ ನೋಡಬೇಕು. ಇವುಗಳ ಸುದ್ದಿಯಲ್ಲಿ ತೋಪು, ಧ್ವಜ, ಸೆಲ್ಯೂಟು ಇರುತ್ತವೆ, ಎಂಜಿನ್ ಕೋಣೆ ಇರುವುದಿಲ್ಲ. ಶಹಾಬಾದ, ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ದೊಡ್ಡ ಡೀಸೆಲ್ ಸೆಟ್ಟು, ಕಂಪ್ರೆಸರ್ ನೋಡಿಕೊಳ್ಳುವವರಿಗೆ, ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ಭರ್ತಿಗೆ ತಯಾರಾಗುತ್ತಿರುವ ನಮ್ಮ ಭಾಗದ ಹುಡುಗರಿಗೆ ಬೇಕಾಗಿರುವುದು ಆ ಕೋಣೆಯ ಮಾತೇ.

ಒಟ್ಟು 12 ಹಡಗು. ಲೂಸಿಯಾನಾದ ಏವಂಡೇಲ್ ಯಾರ್ಡಿನಲ್ಲಿ ಕಟ್ಟಿದವು, 1967ರಿಂದ 1972ರ ನಡುವೆ ಸೇವೆಗೆ ಬಂದವು. ಉದ್ದ 378 ಅಡಿ, ಅಗಲ 43 ಅಡಿ, ಪೂರ್ತಿ ತುಂಬಿದಾಗ ಸುಮಾರು 3,250 ಟನ್. 1980ರ ದಶಕದಿಂದ 1992ರ ತನಕ ಒಂದೊಂದನ್ನೇ ಯಾರ್ಡಿಗೆ ತಂದು ದೊಡ್ಡ ರಿಪೇರಿ ಮಾಡಿದ್ದಾರೆ. ಹಾಗಾಗಿ ಒಡಲು 1960ರ ದಶಕದ್ದಾದರೂ ತೋಪು ಮತ್ತು ಎಲೆಕ್ಟ್ರಾನಿಕ್ ಸಾಮಾನು ಅಷ್ಟು ಹಳೆಯವಲ್ಲ. ದರ್ಜೆಗೆ ಹೆಸರು ಕೊಟ್ಟ ಹ್ಯಾಮಿಲ್ಟನ್ 2011ರಲ್ಲಿ ಫಿಲಿಪ್ಪೀನ್ಸ್ ನೌಕಾಪಡೆಗೆ ಹೋಗಿ ಬಿಆರ್‌ಪಿ ಗ್ರೆಗೋರಿಯೊ ಡೆಲ್ ಪಿಲಾರ್ ಆಯಿತು. ಅದರ ಹಿಂದೆಯೇ ಡಲ್ಲಾಸ್ ಮತ್ತು ಬೌಟ್‌ವೆಲ್ ಅಲ್ಲಿಗೇ ಹೋದವು. ಚೇಸ್, ಗ್ಯಾಲಟಿನ್ ನೈಜೀರಿಯಾ ಸೇರಿದವು. ಜಾರ್ವಿಸ್, ರಶ್ ಬಾಂಗ್ಲಾದೇಶದಲ್ಲಿ ಸಮುದ್ರ ಜಯ್, ಸಮುದ್ರ ಅಭಿಜಾನ್ ಆದವು. ಶರ್ಮನ್ 2018ರಲ್ಲಿ, ಡಗ್ಲಸ್ ಮನ್ರೊ 2021ರಲ್ಲಿ ಶ್ರೀಲಂಕಾದ ಕೈಗೆ ಬಂದು ಗಜಬಾಹು, ವಿಜಯಬಾಹು ಎಂದು ತೇಲುತ್ತಿವೆ. ವಿಯೆಟ್ನಾಂಗೆ ಹೋದವು ಅಲ್ಲಿನ ಕೋಸ್ಟ್ ಗಾರ್ಡ್ ಸೇರಿದವು, ನೌಕಾಪಡೆಯನ್ನಲ್ಲ.

ಈಗ ಬಾನೆಟ್ ಎತ್ತೋಣ. ಒಳಗೆ ಎರಡು ಡೀಸೆಲ್, ಎರಡು ಗ್ಯಾಸ್ ಟರ್ಬೈನ್, ಎರಡು ಶಾಫ್ಟ್. ಒಂದು ಶಾಫ್ಟನ್ನು ಡೀಸೆಲ್ ತಿರುಗಿಸಬೇಕು, ಇಲ್ಲವೇ ಟರ್ಬೈನ್ ತಿರುಗಿಸಬೇಕು. ಎರಡೂ ಕೂಡಿ ತಿರುಗಿಸುವ ಏರ್ಪಾಡಿಲ್ಲ. ಈ ಹಡಗಿನ ಗುಣವೂ ದೋಷವೂ ಇಲ್ಲೇ ಇವೆ.

ಡೀಸೆಲ್ ಫೇರ್‌ಬ್ಯಾಂಕ್ಸ್ ಮೋರ್ಸ್ ಕಂಪನಿಯ 38ಟಿಡಿ8-1/8, ಒಂದಕ್ಕೆ 12 ಸಿಲಿಂಡರ್, 3,500 ಅಶ್ವಶಕ್ತಿ. ಕಮಿನ್ಸ್, ಕಿರ್ಲೋಸ್ಕರ್ ಸೆಟ್ಟು ಬಿಚ್ಚಿದ ಕೈಗೆ ಇದು ಮೊದಲಿಗೆ ದಿಕ್ಕು ತಪ್ಪಿಸುತ್ತದೆ. ಸಿಲಿಂಡರ್ ಹೆಡ್ ಇಲ್ಲ, ವಾಲ್ವ್ ಇಲ್ಲ, ಹೆಡ್ ಗ್ಯಾಸ್ಕೆಟ್ ಇಲ್ಲ. ಒಂದೇ ಉದ್ದನೆಯ ಲೈನರಿನಲ್ಲಿ (ಸಿಲಿಂಡರಿನ ಒಳಕೊಳವೆಯಲ್ಲಿ) ಮೇಲಿನಿಂದ ಒಂದು ಪಿಸ್ಟನ್, ಕೆಳಗಿನಿಂದ ಒಂದು ಪಿಸ್ಟನ್ ಎದುರುಬದುರಾಗಿ ಬರುತ್ತವೆ, ನಡುವೆ ಡೀಸೆಲ್ ಉರಿಯುತ್ತದೆ. ಅಂದರೆ 12 ಸಿಲಿಂಡರಿಗೆ 24 ಪಿಸ್ಟನ್, ಮೇಲೊಂದು ಕ್ರ್ಯಾಂಕ್‌ಶಾಫ್ಟ್, ಕೆಳಗೊಂದು ಕ್ರ್ಯಾಂಕ್‌ಶಾಫ್ಟ್, ಎರಡನ್ನೂ ಜೋಡಿಸುವ ನಿಂತ ಶಾಫ್ಟೊಂದು. ಎರಡು ಸ್ಟ್ರೋಕಿನ ಎಂಜಿನ್. ಗಾಳಿ ಮೇಲಿನ ರಂಧ್ರಗಳಿಂದ ಒಳಬರುತ್ತದೆ, ಹೊಗೆ ಕೆಳಗಿನ ರಂಧ್ರಗಳಿಂದ ಹೋಗುತ್ತದೆ. ಹೊಗೆಯ ದಾರಿ ಮೊದಲು ತೆರೆಯಲೆಂದು ಕೆಳಗಿನ ಕ್ರ್ಯಾಂಕನ್ನು ಮೇಲಿನದಕ್ಕಿಂತ 12 ಡಿಗ್ರಿ ಮುಂದಿಟ್ಟಿರುತ್ತಾರೆ. ಆದ್ದರಿಂದ ಶಕ್ತಿಯ ದೊಡ್ಡ ಪಾಲು ಕೆಳಗಿನ ಕ್ರ್ಯಾಂಕಿನಿಂದಲೇ ಬರುತ್ತದೆ, ಅದರ ಬೇರಿಂಗುಗಳೇ ಹೆಚ್ಚು ಹೊರುತ್ತವೆ. ತಪಾಸಣೆಗೆ ಸಮಯ ಕಡಿಮೆ ಇದ್ದರೆ ಮೊದಲು ಅಲ್ಲಿ ಕೈ ಹಾಕಿ.

ಎರಡನೇ ಮಹಾಯುದ್ಧದ ಅಮೆರಿಕನ್ ಸಬ್‌ಮರೀನುಗಳಲ್ಲಿ ಓಡಿದ್ದು ಇದೇ ವಂಶದ ಎಂಜಿನ್. ಬಿಡಿ ಸಾಮಾನು ಇವತ್ತಿಗೂ ತಯಾರಾಗುತ್ತದೆ, ಬಿಚ್ಚಿ ಕೂಡಿಸಬಲ್ಲ ಜನ ಇವತ್ತಿಗೂ ಇದ್ದಾರೆ. ಹಳೆ ಹಡಗಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇರೆ ಇಲ್ಲ.

ಆದರೆ ಇದರ ಚಾಳಿ ತಿಳಿದಿರಬೇಕು. ಮೇಲಿನ ಪಿಸ್ಟನ್ನಿನ ಎಣ್ಣೆ ನಿಂತ ಎಂಜಿನ್ನಿನಲ್ಲಿ ಮೆಲ್ಲಗೆ ಸಿಲಿಂಡರಿನೊಳಕ್ಕೆ ಇಳಿಯುತ್ತದೆ. ಇನ್ನೊಂದು ಕಡೆ, ಮೇಲಿನ ಕ್ರ್ಯಾಂಕ್ ಒಣಗಿರುತ್ತದೆಂದು ಚಾಲೂ ಮಾಡುವ ಮೊದಲು ಎಣ್ಣೆ ಪಂಪು ಓಡಿಸಲೇಬೇಕು. ಪಂಪನ್ನು ಹೊತ್ತು ಮೀರಿ ಓಡಿಸಿದರೆ ಸಿಲಿಂಡರಿನಲ್ಲಿ ಎಣ್ಣೆ ನಿಂತು, ಚಾಲೂ ಆದ ಕ್ಷಣಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾಗಿ ಕ್ರಮ ತಪ್ಪಬಾರದು. 12 ಸಿಲಿಂಡರಿನಲ್ಲೂ ಒಳಗಿನದನ್ನು ಹೊರಬಿಡುವ ಸಣ್ಣ ನಲ್ಲಿಗಳಾದ ಇಂಡಿಕೇಟರ್ ಕಾಕ್‌ಗಳನ್ನೂ ತೆರೆಯಿರಿ. ಕೈಪಿಡಿ ಹೇಳಿದಷ್ಟೇ ಹೊತ್ತು ಎಣ್ಣೆ ಪಂಪು ಓಡಿಸಿ. ಎಂಜಿನ್ನನ್ನು ಮೆಲ್ಲಗೆ ತಿರುಗಿಸಲೆಂದೇ ಇರುವ ಜ್ಯಾಕಿಂಗ್ ಗೇರಿನಿಂದ ಅದನ್ನು ಪೂರ್ತಿ ಸುತ್ತು ತಿರುಗಿಸಿ, ಪ್ರತಿ ಕಾಕಿನ ಬಾಯಿ ನೋಡಿ. ಎಣ್ಣೆ ಬಂದರೆ ಒರೆಸಿ ಮತ್ತೆ ತಿರುಗಿಸಿ. ನೀರು ಬಂದರೆ ಅಲ್ಲಿಗೇ ನಿಲ್ಲಿಸಿ, ಲೈನರಿನ ಜ್ಯಾಕೆಟ್ಟೋ ಇಂಜೆಕ್ಟರ್ ಕೂರುವ ಅಡಾಪ್ಟರಿನ ಸೀಲೋ ಸೋರುತ್ತಿದೆ ಎಂದು ಅರ್ಥ. ಜ್ಯಾಕಿಂಗ್ ಗೇರ್ ಬಿಡಿಸಿ, ಕಾಕ್ ಮುಚ್ಚಿ, ಆಮೇಲೆ ಗಾಳಿ ಕೊಡಿ.

ಗಸ್ತಿನ ಹಡಗು ದಿನಗಟ್ಟಲೆ 8-9 ನಾಟ್ (ಒಂದು ನಾಟ್ ಅಂದರೆ ಗಂಟೆಗೊಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.) ವೇಗದಲ್ಲಿ ತೆವಳುತ್ತದೆ. ಎರಡೂ ಡೀಸೆಲ್ ಕಡಿಮೆ ಲೋಡಿನಲ್ಲಿ ಓಡಿದರೆ ಅರೆಬೆಂದ ಇಂಧನ ಮತ್ತು ಎಣ್ಣೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಜಿಗುಟಾಗಿ ಕೂರುತ್ತದೆ. ಆಮೇಲೆ ಒಮ್ಮೆಲೇ ವೇಗ ಏರಿಸಿದ ದಿನ ಅದು ಚಿಮಣಿಯಲ್ಲಿ ಹೊತ್ತಿಕೊಳ್ಳುತ್ತದೆ. ಪರಿಹಾರ ಸುಲಭ. ಒಂದೇ ಡೀಸೆಲ್ ಓಡಿಸಿ, ಇನ್ನೊಂದು ಶಾಫ್ಟನ್ನು ನೀರಿನ ಜೊತೆ ತಿರುಗಲು ಬಿಡಿ. ಓಡುವ ಎಂಜಿನ್ನಿಗೆ ಬರೋಬ್ಬರಿ ಲೋಡ್ ಸಿಗುತ್ತದೆ, ಇನ್ನೊಂದರ ಗಂಟೆಗಳೂ ಉಳಿಯುತ್ತವೆ. ನಾಲ್ಕೈದು ಗಂಟೆಗೊಮ್ಮೆ ಅರ್ಧ ಗಂಟೆ ಲೋಡ್ ಏರಿಸಿ ಹೊಗೆದಾರಿ ಸುಡಿಸುವುದು ರೂಢಿಯಾಗಬೇಕು.

ದೊಡ್ಡ ಕೆಲಸ ಬಂದಾಗ ಮಾತ್ರ ಈ ಎಂಜಿನ್ ಬೆವರಿಳಿಸುತ್ತದೆ. ಲೈನರ್ ಮೇಲಕ್ಕೆ ಎಳೆದು ತೆಗೆಯಬೇಕು, ಅದಕ್ಕೆ ಮೇಲಿನ ಕ್ರ್ಯಾಂಕ್‌ಶಾಫ್ಟನ್ನೇ ಎತ್ತಬೇಕು. ತಲೆ ಮೇಲೆ ಜಾಗ, ಸರಪಳಿ ಕಪ್ಪಿ, ಜೋಡಣೆ ಅಳೆಯುವ ಉಪಕರಣ ಮೂರೂ ಸಿದ್ಧವಿಲ್ಲದ ಬಂದರಿನಲ್ಲಿ ಅದನ್ನು ಶುರು ಮಾಡಬಾರದು.

ಇಂಧನದ ಪೈಪುಗಳನ್ನು ಬೇರೆಯಾಗಿಯೇ ಹೇಳಬೇಕು. ಹಳೆ ಡಲ್ಲಾಸ್, ಈಗಿನ ಬಿಆರ್‌ಪಿ ರಾಮೋನ್ ಅಲ್ಕರಾಜ್, 2020ರ ಮೇ ತಿಂಗಳಲ್ಲಿ ಕೊಚ್ಚಿಯಿಂದ ಹೊರಟ ಬೆನ್ನಿಗೇ ಎಂಜಿನ್ ಕೋಣೆಯಲ್ಲಿ ಬೆಂಕಿ ಕಂಡಿತು. ಇಬ್ಬರು ನಾವಿಕರಿಗೆ ಸುಟ್ಟ ಗಾಯಗಳಾದವು. ಹಡಗು ಕೊಚ್ಚಿಗೇ ಮರಳಿತು, ನಮ್ಮ ನೌಕಾಪಡೆ ನೆರವಿಗೆ ನಿಂತಿತು. ಯಾವುದೇ ಹಡಗಿನ ಎಂಜಿನ್ ಕೋಣೆಯಲ್ಲಿ ಬೆಂಕಿಗೆ ಹೆಚ್ಚಾಗಿ ಕಾಣುವ ದಾರಿ ಇದು: ಒತ್ತಡದ ಇಂಧನ ಪೈಪು ಬಿರಿದು, ಡೀಸೆಲ್ ಸಣ್ಣ ಹನಿಯಾಗಿ ಕಾದ ಎಕ್ಸಾಸ್ಟಿನ ಮೇಲೆ ಸಿಡಿಯುವುದು. ಹಳೆ ಹಡಗು ಕೈಗೆ ಬಂದ ಕೂಡಲೇ ಈ ಪೈಪುಗಳಿಗೆ ಹೊರಕವಚ, ಜಾಯಿಂಟುಗಳಿಗೆ ತಗಡಿನ ಮರೆ, ಎಕ್ಸಾಸ್ಟಿಗೆ ಶಾಖ ತಡೆಯುವ ಹೊಸ ಹೊದಿಕೆ (ಲ್ಯಾಗಿಂಗ್) ಹಾಕಿಸಬೇಕು. ಖರ್ಚು ಸಣ್ಣದು, ಮುಂದೂಡಲು ಯಾವ ಕಾರಣವೂ ಇಲ್ಲ.

ಟರ್ಬೈನಿಗೆ ಬರೋಣ. ಬೀದರ್ ವಾಯುನೆಲೆಯ ಹಾಕ್ ವಿಮಾನಗಳ ಸದ್ದು ಕೇಳಿ ಬೆಳೆದವರಿಗೆ ಇದರ ಗುಣ ಹೇಳುವುದು ಸುಲಭ, ಏಕೆಂದರೆ ಇದೂ ವಿಮಾನದ ಎಂಜಿನ್ನೇ. ಪ್ರಾಟ್ ಅಂಡ್ ವಿಟ್ನಿಯ ಎಫ್‌ಟಿ4ಎ, ಬೋಯಿಂಗ್ 707ರ ಒಂದು ಮಾದರಿಗೂ ಎಫ್-105 ಯುದ್ಧವಿಮಾನಕ್ಕೂ ಹಾಕಿದ ಜೆಟ್ ಎಂಜಿನ್ನಿನ ಸಮುದ್ರದ ರೂಪ. ಒಂದಕ್ಕೆ 18,000 ಅಶ್ವಶಕ್ತಿ. ಎರಡೂ ಓಡಿದರೆ 3,250 ಟನ್ನಿನ ಹಡಗು 29 ನಾಟ್ ತಲುಪುತ್ತದೆ. ಬರೀ ಡೀಸೆಲ್ಲಿನಲ್ಲಿ 17-18ಕ್ಕೆ ನಿಲ್ಲುತ್ತದೆ. ಈ 11 ನಾಟ್ ಅಂತರಕ್ಕೆ ಎಷ್ಟೋ ಗಿರಾಕಿಗಳು ಮರುಳಾಗುತ್ತಾರೆ.

ಲೆಕ್ಕ ಹೀಗಿದೆ. ಡೀಸೆಲ್ಲಿನಲ್ಲಿ 11 ನಾಟ್‌ನಂತೆ ಹೋದರೆ ಒಂದು ಟ್ಯಾಂಕಿಗೆ 14,000 ನಾಟಿಕಲ್ ಮೈಲು, ಅಂದರೆ ಸುಮಾರು 53 ದಿನ. ಟರ್ಬೈನಿನಲ್ಲಿ 29 ನಾಟ್‌ನಂತೆ ಓಡಿಸಿದರೆ ಅದೇ ಟ್ಯಾಂಕ್ 2,400 ಮೈಲಿನ ಆಸುಪಾಸಿಗೆ ಮುಗಿಯುತ್ತದೆ, ಮೂರೂವರೆ ದಿನ. ಒಂದು ಮೈಲಿಗೆ ಆರುಪಟ್ಟು ಹತ್ತಿರ ಇಂಧನ. ಇನ್ನೊಂದು ನಷ್ಟ ನಮ್ಮಂಥ ಬಿಸಿ ನಾಡಿನವರಿಗೆ ಬೇಗ ತಿಳಿಯುತ್ತದೆ. ಗ್ಯಾಸ್ ಟರ್ಬೈನಿನ ಶಕ್ತಿ ಸಾಮಾನ್ಯವಾಗಿ 15 ಡಿಗ್ರಿ ಗಾಳಿಗೆ ಲೆಕ್ಕ ಹಾಕಿದ್ದು. ಗಾಳಿ ಒಂದೊಂದು ಡಿಗ್ರಿ ಕಾದಂತೆ ಅರ್ಧದಿಂದ ಒಂದು ಶೇಕಡಾ ಶಕ್ತಿ ಬೀಳುತ್ತದೆ. 32 ಡಿಗ್ರಿಯ ಬಂಗಾಳ ಕೊಲ್ಲಿಯಲ್ಲಿ ಕಾಗದದ ಮೇಲಿನ 36,000 ಅಶ್ವಶಕ್ತಿ ಪೂರ್ತಿ ಕೈಗೆ ಸಿಗುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ತೊಂದರೆ ಉಪ್ಪು. ಗಾಳಿಯ ಉಪ್ಪು ಮತ್ತು ಇಂಧನದ ಗಂಧಕ ಕೂಡಿ ಬಿಸಿಭಾಗದ ಬ್ಲೇಡುಗಳನ್ನು ತಿನ್ನುತ್ತವೆ. ಕಂಪ್ರೆಸರನ್ನು ಸಿಹಿನೀರಿನಿಂದ ತೊಳೆಯುವುದು, ಗಾಳಿ ಸೋಸುವ ಜಾಲರಿ ಬದಲಿಸುವುದು, ಒಳಗೆ ಇಣುಕುವ ಕೊಳವೆ ಕ್ಯಾಮೆರಾ (ಬೋರೋಸ್ಕೋಪ್) ಹಾಕಿ ಬ್ಲೇಡ್ ನೋಡುವುದು ತಪ್ಪಬಾರದು. ಬ್ಲೇಡ್ ಹೋಯಿತೆಂದರೆ ಹಡಗಿನ ಮೇಲೆ ರಿಪೇರಿಯಿಲ್ಲ. ಎಂಜಿನ್ ಇಳಿಸಿ ಪರಿಣತರ ವರ್ಕ್‌ಶಾಪಿಗೆ ಕಳಿಸಬೇಕು, ಅದೂ ಬಹಳ ಹಿಂದೆಯೇ ತಯಾರಿಕೆ ನಿಂತ ಎಂಜಿನ್ನನ್ನು.

ನಮ್ಮ ತೀರ್ಮಾನ ಇಷ್ಟು: ಡೀಸೆಲ್ಲಿಗೆ 5ರಲ್ಲಿ 4, ಟರ್ಬೈನಿಗೆ 5ರಲ್ಲಿ ಒಂದೂವರೆ. ಟರ್ಬೈನನ್ನು ತುರ್ತಿಗೆಂದು ಇಟ್ಟುಕೊಳ್ಳಿ, ಹಡಗಿನ ದಿನದ ಬಾಳು ಅದರ ಮೇಲೆ ನಿಲ್ಲದಿರಲಿ. ಬಳಸುವುದೇ ಇಲ್ಲವೆಂದಾದರೆ ಸುಮ್ಮನೆ ಬಿಟ್ಟುಬಿಡುವುದು ತಪ್ಪು. ಗಾಳಿಬಾಯಿ, ಹೊಗೆಬಾಯಿ ಎರಡನ್ನೂ ಮುಚ್ಚಿ, ತೇವ ಹೀರುವ ಪುಡಿ ಇಟ್ಟು, ತಿಂಗಳಿಗೊಮ್ಮೆ ಶಾಫ್ಟ್ ತಿರುಗಿಸಿ. ಇಲ್ಲದಿದ್ದರೆ ನಿಂತಲ್ಲೇ ಕೊಳೆಯುತ್ತದೆ.

ಈ ಹಡಗುಗಳು ಹೊಸ ಮನೆಗಳಲ್ಲಿ ಮಾಡಿದ ಒಳ್ಳೆಯ ಕೆಲಸ ನೋಡಿದರೂ ಇದೇ ಕಾಣುತ್ತದೆ. 2012ರ ಏಪ್ರಿಲ್‌ನಲ್ಲಿ ದಕ್ಷಿಣ ಚೀನಾ ಸಮುದ್ರದ ಹವಳದಿಬ್ಬ ಸ್ಕಾರ್ಬರೋ ಶೋಲ್‌ನಲ್ಲಿ ಗ್ರೆಗೋರಿಯೊ ಡೆಲ್ ಪಿಲಾರ್ ಚೀನಾದ ಮೀನುಗಾರಿಕೆ ದೋಣಿಗಳ ತಪಾಸಣೆಗೆ ನಿಂತಿತು. ಅಲ್ಲಿ ಬೇಕಾಗಿದ್ದು 29 ನಾಟ್ ಅಲ್ಲ, ತೆರೆದ ಕಡಲಲ್ಲಿ ದಿನಗಟ್ಟಲೆ ನಿಲ್ಲುವ ತಾಕತ್ತು. 2013ರ ಅಕ್ಟೋಬರ್‌ನಲ್ಲಿ ನೈಜೀರಿಯಾದ ಎನ್‌ಎನ್‌ಎಸ್ ಥಂಡರ್ (ಹಳೆ ಚೇಸ್) ಅಂತಾರಾಷ್ಟ್ರೀಯ ನೌಕಾ ಪರೇಡಿಗೆಂದು ಸಿಡ್ನಿವರೆಗೆ ಹೋಯಿತು. 2014ರ ಡಿಸೆಂಬರ್‌ನಲ್ಲಿ ಮಾಲ್ಡೀವ್ಸ್‌ನ ಮಾಲೆಯಲ್ಲಿ ನೀರು ಶುದ್ಧೀಕರಣ ಘಟಕ ಸುಟ್ಟು ಊರಿಗೇ ಕುಡಿಯುವ ನೀರಿಲ್ಲದಾದಾಗ ಬಾಂಗ್ಲಾದೇಶ ನೀರು ತುಂಬಿಸಿ ಕಳಿಸಿದ್ದು ಸಮುದ್ರ ಜಯ್ ಹಡಗಿನಲ್ಲಿ. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುವ ನಮ್ಮ ಹಳ್ಳಿಗಳ ಜನರಿಗೆ ಆ ಕೆಲಸದ ತೂಕ ಗೊತ್ತು. ಎಲ್ಲವೂ ದೂರ ಹೋಗುವ, ಹೊತ್ತು ತಾಳುವ ಕೆಲಸಗಳೇ. ಫಿಲಿಪ್ಪೀನ್ಸ್ ಮೊದಲು ಇವನ್ನು ಫ್ರಿಗೇಟ್ (ಯುದ್ಧಕ್ಕಿಳಿಯುವ ನೌಕೆ) ಎಂದು ಕರೆದಿತ್ತು, 2019ರಲ್ಲಿ ಗಸ್ತು ಹಡಗುಗಳ ಸಾಲಿಗೆ ಸೇರಿಸಿತು. ಸರಿಯಾದ ನಿರ್ಧಾರ ಎಂಬುದೇ ನಮ್ಮ ಮಾತು.

ಇನ್ನು ಚಾಸಿ. ಒಡಲು ಉಕ್ಕು, ಮೇಲ್ಕಟ್ಟಡ ಅಲ್ಯೂಮಿನಿಯಂ. ಇವೆರಡು ಕೂಡುವ ಗೆರೆಯೇ ಈ ಹಡಗಿನ ಹುಳುಕುಹಲ್ಲು. ನಡುವೆ ಇಟ್ಟ ನಿರೋಧಕ ಪಟ್ಟಿ ಹಳತಾಗಿ ಉಪ್ಪುನೀರು ಒಳಹೊಕ್ಕರೆ ಅಲ್ಯೂಮಿನಿಯಂ ಕರಗುತ್ತ ಬಿಳಿಪುಡಿಯಾಗುತ್ತದೆ. ಬಣ್ಣ ಉಬ್ಬಿದ ಕಡೆಯೆಲ್ಲ ಕೆರೆದು ನೋಡಬೇಕು. ಬರೀ ಬಣ್ಣ ಬಳಿದು ಮುಚ್ಚಿದವರು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಗಡು ಬದಲಿಸುತ್ತಾರೆ. ಬಾಗಿಲು, ಕಿಟಕಿಯ ಮೂಲೆಗಳಲ್ಲಿ ಬಿರುಕು ಹುಡುಕಿ. ಕೆಳಗೆ ನೀರಿನ ಗೆರೆ, ಕಡಲನೀರು ಒಳಬರುವ ಪೆಟ್ಟಿಗೆಗಳು, ಎಂಜಿನ್ ತಳದ ಕೊಳೆನೀರು ನಿಲ್ಲುವ ತಗಡು, ಈ ಮೂರು ಕಡೆ ಅಲ್ಟ್ರಾಸೋನಿಕ್ ಮೀಟರ್ ಇಟ್ಟು ದಪ್ಪ ಅಳೆಯಿರಿ. ಮೂಲ ದಪ್ಪದ ಕಾಲುಭಾಗ ಸವೆದಿದ್ದರೆ ಆ ತಗಡು ಕತ್ತರಿಸಿ ಹೊಸದು ಹಾಕುವುದೇ ಸರಿ.

ಪ್ರೊಪೆಲರಿನ ರೆಕ್ಕೆಗಳು ಕೋನ ಬದಲಿಸುವಂಥವು. ಹಡಗು ಹಿಂದೆ ಹೋಗಲು ಎಂಜಿನ್ ತಿರುಗುಮುರುಗಾಗುವುದಿಲ್ಲ, ರೆಕ್ಕೆಯೇ ತಿರುಗುತ್ತದೆ. ಅದರ ಹೈಡ್ರಾಲಿಕ್ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಿಡಿಯಿರಿ, ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿ ಕಡಲನೀರು ಸೇರಿದೆ. ಡ್ರೈ ಡಾಕ್ (ನೀರು ಖಾಲಿ ಮಾಡಿ ಹಡಗು ನಿಲ್ಲಿಸುವ ಕಟ್ಟೆ) ಇಲ್ಲದೆ ಆ ಕೆಲಸ ಮುಗಿಯದು. ಈ ಹಡಗು ನೀರಿನಲ್ಲಿ ಸುಮಾರು 15 ಅಡಿ ಮುಳುಗುತ್ತದೆ ಎಂಬುದನ್ನೂ ಮರೆಯಬಾರದು. ಗ್ರೆಗೋರಿಯೊ ಡೆಲ್ ಪಿಲಾರ್ 2018ರ ಆಗಸ್ಟ್ 29ರಂದು ಹಾಫ್ ಮೂನ್ ಶೋಲ್‌ನಲ್ಲಿ ತಳ ತಾಗಿ ಕೂತುಬಿಟ್ಟಿತು, ಟಗ್ ತಂದು ಎಳೆಯಬೇಕಾಯಿತು.

ಕರೆಂಟಿನ ವಿಷಯ ಯಾರೂ ಹೇಳುವುದಿಲ್ಲ, ನಮ್ಮ ಕಾರ್ಖಾನೆಯ ಎಲೆಕ್ಟ್ರೀಷಿಯನ್ನರು ಮಾತ್ರ ಮೊದಲು ಅದನ್ನೇ ಕೇಳುತ್ತಾರೆ. ಹಡಗಿನ ವ್ಯವಸ್ಥೆ ಅಮೆರಿಕದ 440 ವೋಲ್ಟ್, 60 ಹರ್ಟ್ಸ್. ಫಿಲಿಪ್ಪೀನ್ಸ್‌ನಲ್ಲಿ ದಡದ ಕರೆಂಟೂ 60 ಹರ್ಟ್ಸ್, ಚಿಂತೆಯಿಲ್ಲ. ಬಾಂಗ್ಲಾದೇಶ, ಶ್ರೀಲಂಕಾ, ನೈಜೀರಿಯಾದಲ್ಲಿ ನಮ್ಮಲ್ಲಿಯ ಹಾಗೆ 50 ಹರ್ಟ್ಸ್. 440 ವೋಲ್ಟನ್ನು 60ರಿಂದ ಭಾಗಿಸಿದರೆ 7.33, ದಡದ 415ನ್ನು 50ರಿಂದ ಭಾಗಿಸಿದರೆ 8.3. ಮೋಟರಿನ ಕಬ್ಬಿಣದಲ್ಲಿ ಕಾಂತಶಕ್ತಿ 13 ಶೇಕಡಾ ಹೆಚ್ಚಾಗಿ, ವೈಂಡಿಂಗ್ ಕಾಯುತ್ತದೆ. ಪಂಪು, ಫ್ಯಾನು ಆರನೇ ಒಂದು ಪಾಲು ನಿಧಾನವಾಗುವುದರಿಂದ ತಂಪೂ ಸಾಲದು. ಬಂದರಿನಲ್ಲಿ ಫ್ರೀಕ್ವೆನ್ಸಿ ಕನ್ವರ್ಟರ್ ಕೂರಿಸಿ, ಇಲ್ಲವಾದರೆ ಕಟ್ಟಿ ನಿಲ್ಲಿಸಿದಾಗಲೂ ಹಡಗಿನ ಜನರೇಟರ್ ಓಡುತ್ತಲೇ ಇರಬೇಕು. ಜನರೇಟರ್ ಮಾತ್ರ ಛಲೋ. 500 ಕಿಲೋವ್ಯಾಟ್‌ನ ಎರಡು ಸೆಟ್ಟು, ಎಂಜಿನ್ ಜನರಲ್ ಮೋಟರ್ಸ್‌ನ ಇಎಂಡಿ 645. ಹುಬ್ಬಳ್ಳಿ ಶೆಡ್ಡಿನ ರೈಲು ಎಂಜಿನ್ನುಗಳಲ್ಲಿರುವ 710 ಇದರ ತಮ್ಮ.

ತೋಪು 76 ಮಿಲಿಮೀಟರ್‌ನ ಓಟೊ ಮೆಲಾರಾ. ಇದೇ ವಂಶದ ತೋಪನ್ನು ನಮ್ಮ ನೌಕಾಪಡೆಗೆ ಹರಿದ್ವಾರದ ಬಿಎಚ್‌ಇಎಲ್ ಮಾಡಿಕೊಡುತ್ತದೆ, ಗುಂಡು ಎಲ್ಲೆಡೆ ಸಿಗುತ್ತದೆ. ಕ್ಷಿಪಣಿ ತಡೆಯುವ ಫ್ಯಾಲಾಂಕ್ಸ್ ತೋಪನ್ನು ಅಮೆರಿಕ ಬಿಚ್ಚಿಟ್ಟುಕೊಂಡೇ ಹಡಗು ಕೊಟ್ಟಿತು. ಹೆಲಿಕಾಪ್ಟರಿಗೆ ಡೆಕ್ ಇದೆ, ಹಿಂದೆ ಮುಂದೆ ಸರಿಯುವ ಹ್ಯಾಂಗರ್ ಇದೆ. ಅದರ ಹಳಿಗೆ ಗ್ರೀಸ್ ತಪ್ಪಿಸಿದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ.

ಇಷ್ಟು ದೊಡ್ಡದು ಬೇಡ ಎನ್ನುವವರಿಗೆ ಅದೇ ಕೋಸ್ಟ್ ಗಾರ್ಡಿನ ರಿಲಯನ್ಸ್ ದರ್ಜೆ ನೋಡಲು ಹೇಳುತ್ತೇವೆ. ಉದ್ದ 210 ಅಡಿ, ವೇಗ 18 ನಾಟ್, ಟರ್ಬೈನಿನ ಗೊಡವೆಯಿಲ್ಲ. ಮೊದಲ 5 ಹಡಗುಗಳಲ್ಲಿ ಸಣ್ಣ ಟರ್ಬೈನ್ ಇತ್ತು, ಕೋಸ್ಟ್ ಗಾರ್ಡ್ ತಾನೇ ಆಮೇಲೆ ಕಿತ್ತುಹಾಕಿತು. ಉಳಿದದ್ದು 16 ಸಿಲಿಂಡರಿನ ಎರಡು ಆಲ್ಕೋ 251 ಡೀಸೆಲ್. ವಾಡಿ ಜಂಕ್ಷನ್ನಿನಲ್ಲಿ ದಶಕಗಟ್ಟಲೆ ಹೊಗೆಯುಗುಳುತ್ತ ನಿಂತ ಡಬ್ಲ್ಯುಡಿಎಂ-2 ರೈಲು ಎಂಜಿನ್ನಿನ ಎದೆಯೊಳಗಿದ್ದದ್ದೂ ಇದೇ. ವಾರಾಣಸಿಯಲ್ಲಿ ತಯಾರಾಗಿ, ಗುಂತಕಲ್, ಗೂಟಿ, ಪುಣೆ ಶೆಡ್ಡುಗಳಲ್ಲಿ ಬಿಚ್ಚಿ ಕೂಡಿಸಿದ ಎಂಜಿನ್. ಈ ದರ್ಜೆಯ ಕರೇಜಿಯಸ್ 2004ರಲ್ಲಿ ಶ್ರೀಲಂಕಾಕ್ಕೆ ಹೋಗಿ ಎಸ್‌ಎಲ್‌ಎನ್‌ಎಸ್ ಸಮುದುರ ಆಯಿತು. 2007ರಲ್ಲಿ ಲಂಕೆಯಿಂದ ನೂರಾರು ಮೈಲು ದೂರದ ಕಡಲಿನಲ್ಲಿ ಎಲ್‌ಟಿಟಿಇಯ ಶಸ್ತ್ರಾಸ್ತ್ರ ತುಂಬಿದ ಹಡಗುಗಳನ್ನು ಮುಳುಗಿಸಿದ ಕಾರ್ಯಾಚರಣೆಯಲ್ಲಿ ಅದು ಇತ್ತು. ಆಗ ಅದರ ವಯಸ್ಸು 39. ದೂರದ ಕೆಲಸಕ್ಕೆ ಸಾದಾ ಡೀಸೆಲ್ ಸಾಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಕೊನೆಗೆ ದರ. ಒಡಲು ಬಹುತೇಕ ಪುಕ್ಕಟೆ, ಹೆಚ್ಚುವರಿ ರಕ್ಷಣಾ ಸಾಮಗ್ರಿ ಎಂಬ ಲೆಕ್ಕದಲ್ಲಿ ಅಮೆರಿಕ ಕೊಟ್ಟಿತು. ಮತ್ತೆ ಚಾಲೂ ಮಾಡುವುದು, ನಾವಿಕರ ತರಬೇತಿ, ಬಿಡಿ ಸಾಮಾನು ಎಲ್ಲ ತಗೊಳ್ಳುವವರ ತಲೆಗೆ. ಫಿಲಿಪ್ಪೀನ್ಸ್ ಮೊದಲ ಹಡಗಿಗೆ ಸುಮಾರು 1 ಕೋಟಿ ಡಾಲರ್, ಎರಡನೆಯದಕ್ಕೆ ಸುಮಾರು ಒಂದೂವರೆ ಕೋಟಿ ಡಾಲರ್ ಸುರಿಯಿತು. ಅದು ತಂದು ನಿಲ್ಲಿಸುವ ಖರ್ಚು ಮಾತ್ರ, ಆಮೇಲಿನ ಡ್ರೈ ಡಾಕ್ ಬೇರೆ. ಒಂದೇ ಹಡಗು ತಗೊಳ್ಳುವುದು ನಷ್ಟದ ವ್ಯಾಪಾರ. ಎರಡಿದ್ದರೆ ತರಬೇತಿ ಒಂದೇ, ಉಗ್ರಾಣ ಒಂದೇ, ಒಂದು ಡಾಕ್ ಹತ್ತಿದಾಗ ಇನ್ನೊಂದು ಗಸ್ತಿಗೆ. ಬಾಂಗ್ಲಾದೇಶ, ಶ್ರೀಲಂಕಾ, ನೈಜೀರಿಯಾ ಎರಡೆರಡು ತಗೊಂಡದ್ದು ಈ ದೃಷ್ಟಿಯಿಂದ ಜಾಣತನವೇ.

ಹಸ್ತಾಂತರದ ದಿನ ಕೇಳಿ ಪಡೆಯಬೇಕಾದವು: ಎರಡೂ ಡೀಸೆಲ್ಲಿನ ಗಂಟೆಗಳ ದಾಖಲೆ ಮತ್ತು ಕೊನೆಯ ಲೈನರ್ ಅಳತೆ, ಎಣ್ಣೆ ಪರೀಕ್ಷೆಯ ಹಳೆ ವರದಿಗಳು, ದೊಡ್ಡ ರಿಪೇರಿಯ ನಂತರ ತಿದ್ದಿದ ವೈರಿಂಗ್ ಮತ್ತು ಪೈಪಿನ ನಕ್ಷೆಗಳು, ಮೇಲಿನ ಕ್ರ್ಯಾಂಕ್ ಎತ್ತುವ ವಿಶೇಷ ಸಲಕರಣೆ, ಪೂರ್ತಿ ಸೆಟ್ಟು ಇಂಚಿನ ಸ್ಪ್ಯಾನರು ಮತ್ತು ಟ್ಯಾಪ್-ಡೈ. ಇಡೀ ಹಡಗು ಇಂಚಿನ ಬೋಲ್ಟಿನದು. ಮಿಲಿಮೀಟರ್ ಪಾನಾ ಹಾಕಿ ತಲೆ ಸವೆಸಿದ ಬೋಲ್ಟನ್ನು ಎಂಜಿನ್ನಿನ ಕೆಳಗೆ ಮಲಗಿ ಕೊರೆದು ತೆಗೆಯಲು ಒಂದು ಪಾಳಿ ಪೂರ್ತಿ ಹೋಗುತ್ತದೆ.